ಆಣಿಬಾಂಬು

...ಹಂಗೇ ಬರದಿದ್ಲಕ್ಕಾ ಆ ಹುಡುಗಿ. ಅಣುಬಾಂಬು ಅಲ್ಲ, ಆಣಿಬಾಂಬು, ಆಣಿ ಪ್ರಮಾಣದ ಆಣಿ. ಒಂದು ಕಡಿ ಕೈತಪ್ಪಿದ್ರ ಹೋಗ್ಲಿ ಬಿಡು ಅಂತಿದ್ದೆ. ಉತ್ತರದ ತುಂಬ ಹಂಗೇ ಬರದಾಳ. ‘ಎರಡೂ ದೇಶಗಳ ಹತ್ತಿರ ಆಣಿಬಾಂಬು ಇರುವುದರಿಂದ ಯಾರೂ ಮೊದಲು ಹಾಕುವುದಿಲ್ಲ, ಹಾಕಿದರೆ ಹಾಕಿದವರ ಮನೆಯೂ ಉಳಿಯುವುದಿಲ್ಲ.’ ಕೊಳಗಲ್ಲಿನ ಹುಡುಗಿ, ಗಂಗೋತ್ರಿ ಅಂತ. ನಾ ಕೆಂಪು ಪೆನ್ನು ಹಿಡಕೊಂಡು ಕುಂತಾವ ಕುಂತಂಗ ಉಳದೆ. ತಪ್ಪು ಅಂತ ಗೆರಿ ಎಳೀಲೋ, ಸರಿ ಅಂತ ಗುರ್ತು ಹಾಕ್ಲೋ...

ನಗಾಕ ಹತ್ತಿದಿ? ನಗು, ನಗು. ನಾ ಬಂದು ಕುಂತಾಗಿಂದ ಮಾರಿ ಗಂಟು ಹಾಕ್ಕೊಂಡು ಹುಣಸಿಹಣ್ಣಿನ ಬೀಜ ತಗ್ಯಾಕ ಹತ್ತಿದ್ದಿ. ನೀ ನಕ್ಕರ ನನಗೂ ಒಂದೀಟು ಬಾಯಿ ಬರತೈತಿ. ಹಂಗ ನೋಡಿದ್ರ ಬಾಯಿ ಇದ್ದಾವನೇ ನಾ. ಮೂವತ್ತು ವರ್ಷಾತು ಬಳ್ಳಾರ್ಯಾಗ ಪಿಯುಸಿ ಹುಡುಗ್ರಿಗೆ ರಾಜ್ಯಶಾಸ್ತ್ರ ಹೇಳಾಕ ಹತ್ತಿ. ಆದ್ರ ನಿನ್ನ ಮುಂದ ಕುಂತ್ರ ಮೂರನೇ ಕ್ಲಾಸಿನ ಕೊಟ್ರಬಸಪ್ಪ ಆಗಿಬಿಡ್ತೀನಿ, ಮೂಗಿನ್ಯಾಗ ಸುಂಬಳ ಸುರಸ್ಕೊಂತ.

ಆ ಟೀವಿ ಒಂದೀಟು ಸಣ್ಣದು ಮಾಡಕ್ಕಾ. ಯುದ್ಧ ನಿಂತು ಎರಡು ದಿನಾತು, ಇವರ ಒದರಾಟ ನಿಂತಿಲ್ಲ. ಹಾಂ, ಈಗ ನಮ್ಮ ಮಾತು ನಮಗ ಕೇಳಸತೈತಿ. ಅಲ್ಲ, ನೀನೇ ಕೇಳಿದ್ಯಲ್ಲ, ಅಷ್ಟು ದೊಡ್ಡ ಬಾಂಬು ಇಬ್ಬರೂ ಇಟ್ಟುಕೊಂಡಾರ, ಮತ್ತ ಯಾಕ ಹಾಕಲಿಲ್ಲ ಅಂತ. ಅದನ್ನೇ ಹೇಳಾಕ ಹತ್ತೀನಿ. ಅದು ಹಾಕೂ ಸಾಮಾನಲ್ಲಕ್ಕಾ. ಇಟ್ಟುಕೊಳ್ಳೂ ಸಾಮಾನು. ನಾ ಹಾಕ್ತೀನಿ ಅಂತ ಅವಗ ಅಂಜಿಕಿ ಇರಬೇಕು, ಅವ ಹಾಕ್ತಾನಂತ ನನಗ ಅಂಜಿಕಿ ಇರಬೇಕು. ಎರಡೂ ಕಡಿ ಅಂಜಿಕಿ ಸಮ ಇದ್ರ ಇಬ್ಬರೂ ತಮ್ಮ ತಮ್ಮ ಮನ್ಯಾಗ ಸುಮ್ಮ ಕುಂದರ್ತಾರ. ಪುಸ್ತಕದಾಗ ಇದಕ್ಕ ಅಣ್ವಸ್ತ್ರ ನಿರೋಧಕತೆ ಅಂತ ಬರದಾರ. ಇಷ್ಟು ವರ್ಷ ಬೋರ್ಡಿನ ಮ್ಯಾಲ ಬಾಣದ ಗುರ್ತು ಹಾಕಿ ಹಾಕಿ ಹೇಳೀನಿ, ಒಬ್ಬರಿಗೂ ತಿಳೀಲಿಲ್ಲ. ಆಣಿಬಾಂಬು ಅಂತ ಓದಿ ಹೇಳಿದೆ ನೋಡು, ಇಡೀ ಕ್ಲಾಸಿಗೆ ತಿಳೀತು. ಮೊದಲು ನಕ್ಕರು, ಆಮ್ಯಾಲ ಒಬ್ಬೊಬ್ಬರೇ ತಮ್ಮ ಮನಿ ಆಣಿ ಹೇಳಾಕ ಹತ್ತಿದ್ರು. ಎಲ್ಲರ ಮನ್ಯಾಗೂ ಒಂದೊಂದು ಇರತೈತಲ್ಲ. ಅವ್ವ ಹಾಕಿದ್ದು, ಅಜ್ಜಿ ಹಾಕಿದ್ದು. ಆ ಹುಡುಗನ ಕೂಡ ಮಾತಾಡಿದ್ರ ನನ್ನಾಣಿ. ಬಾಟ್ಲಿ ಮುಟ್ಟಿದ್ರ ನನ್ನ ಹೆಣ ನೋಡ್ತಿ. ಮನಿ ಬಿಟ್ಟು ಹೋದ್ರ ನಾ ಭಾವಿ ಬೀಳ್ತೀನಿ.

ನಮ್ಮ ಮನ್ಯಾಗೂ ಐತಿ ಒಂದು.

ಯಾಕ ಹಂಗ ನೋಡ್ತಿ? ನೀ ಹಾಕಿದ್ದೇ ಅಲ್ಲೇನು ಅದು? ಇದೇ ಪಡಸಾಲ್ಯಾಗ. ನನ್ನ ಬಲಗೈ, ಚನ್ನನ ಬಲಗೈ ಎರಡೂ ಜಗ್ಗಿ ನಿನ್ನ ತಲಿ ಮ್ಯಾಲ ಇಟ್ಟುಕೊಂಡಿ. ‘ಇವತ್ತಿನಿಂದ ನೀ ತಮ್ಮನ ಹೊಸ್ತಿಲ ದಾಟಬಾರದು, ಅವ ನಿನ್ನ ಹೊಸ್ತಿಲ ದಾಟಬಾರದು. ಯಾರು ದಾಟಿದ್ರೂ ಅವತ್ತಿಗೆ ನಿಮ್ಮಕ್ಕ ಸತ್ತಳು’ ಅಂದಿ. ನಾನೂ ಹೂಂ ಅಂದೆ, ಅವನೂ ಹೂಂ ಅಂದ. ಹನ್ನೊಂದು ವರ್ಷಾತು.

ನಿಂದು ತಪ್ಪು ಅಂತ ನಾ ಎಲ್ಲಿ ಅಂದೆ? ತಪ್ಪು ನಮ್ದು. ರಾರಾವಿ ಊರಾಗಿನ ನಮ್ಮ ಹೊಲದ ನೀರಿನ ಪಾಳಿ ಸಲುವಾಗಿ ನಾ ಸಿರುಗುಪ್ಪಕ್ಕ ಹೋಗಿ ಚನ್ನನ ಅಡಗಿಮನಿ ತನಕ ಕೊಡ್ಲಿ ಹಿಡಕೊಂಡು ನುಗ್ಗಿದ್ದೆ. ರಾಜ್ಯಶಾಸ್ತ್ರದ ಲೆಕ್ಚರರು, ಕೈಯಾಗ ಕೊಡ್ಲಿ! ಮರುದಿನ ಅವ ಬಳ್ಳಾರಿಗೆ ಬಂದು ಕಪ್ಪಗಲ್ಲು ರೋಡಿನ ನಮ್ಮ ಮನಿ ಬಾಗಲಾ ಒದ್ದು ಮುರದ. ನೀ ಆ ಆಣಿ ಹಾಕದಿದ್ದಿದ್ರ ನಮ್ಮೊಳಗ ಒಬ್ಬ ಜೈಲಿನ್ಯಾಗ, ಒಬ್ಬ ಮಣ್ಣಾಗ ಇರ್ತಿದ್ವಿ. ಒಪ್ಪಿದೆ. ಪೂರ್ತಿ ಒಪ್ಪಿದೆ. ಅವ್ವ ಸತ್ತಾಗ ಚನ್ನಗ ಇನ್ನೂ ಹಾಲಹಲ್ಲು ಬಿದ್ದಿರಲಿಲ್ಲ, ಇಬ್ಬರನ್ನೂ ನೀನೇ ಸಾಕಿದಿ. ಸಾಕಿದ ಕೈ ಹೆಂಗ ಸುಮ್ಮನಿದ್ದೀತು?

ಆದ್ರ ಈಗ ಸಾಕಕ್ಕಾ. ಅದಕ್ಕೇ ಬಂದೀನಿ ಇವತ್ತು. ಬಿಡ್ತು ಅನ್ನು.

ಅಷ್ಟೇ. ಒಂದು ಮಾತು. ಸಣ್ಣವ್ರಿದ್ದಾಗ ನಮ್ಮ ಬಾಯಾಗ ಏನರ ಕೆಟ್ಟ ಮಾತು ಬಂದ್ರ ನೀನೇ ಬಾಯಿಗೆ ಬಡದು ಅನಸ್ತಿದ್ದಿ ಅಲ್ಲ, ಬಿಡ್ತು ಅನ್ನು, ಬಿಡ್ತು ಅನ್ನು ಅಂತ. ಅಂದಕೂಡ್ಲೆ ಆ ಮಾತು ಹೋಗಿಬಿಡ್ತಿತ್ತು, ಆಡೇ ಇಲ್ಲ ಅನ್ನೂಹಂಗ. ಹಂಗ ಒಂದ್ಸಲ ನೀ ಅಂದುಬಿಡು. ಚನ್ನಗ ಆರಾಮಿಲ್ಲ, ನಿನಗ ಗೊತ್ತೈತಿ. ನಾ ಸಿರುಗುಪ್ಪಕ್ಕ ಹೋಗಿ ಅವನ ಮನಿ ಒಳಗ ಕಾಲಿಡಬೇಕು. ಅವನ ಹಣಿ ಮುಟ್ಟಬೇಕು.

ತಲಿ ಅಳ್ಳಾಡಸಬ್ಯಾಡ ಹಂಗ... ಏನು? ಮತ್ತ ಹೊಡದಾಡ್ತೀರಿ ಅಂತಿ? ಯಾರು, ನಾವಾ? ನನ್ನ ಮಂಡಿ ನೋಡು ಒಮ್ಮೆ. ನಿಮ್ಮ ಕಟ್ಟಿ ಹತ್ತಾಗ ಗ್ವಾಡಿ ಹಿಡಕೊಂಡೆ ಹೌದಿಲ್ಲ? ಅವಗ ಸಕ್ಕರಿ ಕಾಯಿಲೆ, ನನಗ ಬೀಪಿ. ಕೊಡ್ಲಿ ಕೊಟ್ರ ಅದನ್ನ ಊರಿಕೊಂಡು ನಡೀಬೇಕು ಅಷ್ಟೇ, ಎತ್ತೂದು ದೂರದ ಮಾತು. ಆ ಹೊಲ ಸುದ್ದಾ ಈಗ ನಮ್ಮಿಬ್ಬರ ಕೈಯಾಗೂ ಇಲ್ಲ.

ಅಲ್ಲ, ಇಷ್ಟು ಕೇಳ್ತೀನಿ. ‘ನನ್ನ ಆಣಿಯಿಂದ ಜಗಳ ನಿಂತಿತು’ ಅಂತಿ ನೀ. ಜಗಳ ನಿಂತದ್ದು ಖರೆ. ಆಣಿಯಿಂದಾನೇ ಅಂತ ಹೆಂಗ ಹೇಳ್ತಿ? ಬ್ಯಾಸರಾಗಿ ನಿಂತಿರಬಹುದಲ್ಲ? ವಯಸ್ಸಾಗಿ ನಿಂತಿರಬಹುದಲ್ಲ? ದೊಡ್ಡ ದೊಡ್ಡ ಪುಸ್ತಕದಾಗೂ ಇದೇ ತಕರಾರು. ಬಾಂಬಿನಿಂದ ಯುದ್ಧ ನಿಂತಾವು ಅಂತ ಒಬ್ಬ ಬರೀತಾನ, ಇಲ್ಲದಿದ್ರೂ ನಿಂದರ್ತಿದ್ವು ಅಂತ ಇನ್ನೊಬ್ಬ ಬರೀತಾನ. ಆಗದ ಯುದ್ಧ ಯಾಕ ಆಗಲಿಲ್ಲ ಅಂತ ಯಾರಿಗೆ ಗೊತ್ತಿರತೈತಿ? ಬಾಂಬು ತಗದು ನೋಡಿದ್ರ ಗೊತ್ತಾದೀತು. ತಗ್ಯಾಕ ಯಾರಿಗೂ ಧೈರ್ಯಿಲ್ಲ. ಹಂಗಾಗಿ ಅದು ಇದ್ದಲ್ಲೇ ಇರತೈತಿ, ಒಳ್ಳೇದು ಮಾಡತೈತಿ ಅಂತ ಹೆಸರು ತಗೊಂಡು.

ಏನಂದಿ? ನಾ ನಂಬ್ತೀನೇನು ಅಂತನಾ?

ಒಳ್ಳೆ ಕೇಳಿದಿ. ಎಂ.ಎ. ಮಾಡಿದಾವ ನಾ. ಬಳ್ಳಾರಿ ಮನುಷ್ಯನ ಕಾಲು ಸಿರುಗುಪ್ಪದಾಗಿನ ಒಂದು ಕಟ್ಟಿಗಿ ತುಂಡಿನ ಆಚಿ ಹೋದ್ರ ಕುರುಗೋಡಿನ್ಯಾಗ ಒಬ್ಬಾಕಿ ಜೀವ ಹೋಗತೈತಿ ಅಂದ್ರ ನಂಬಾಕ ಆಗತೈತೇನು? ನಂಬಂಗಿಲ್ಲ. ಎಲ್ಲೀ ನಂಬಿಕಿ. ಆದ್ರ... ನಿನ್ನ ಎದಿಯಾಗ ಡಾಕ್ಟರು ಆ ಸ್ಪ್ರಿಂಗು ಕುಂದ್ರಿಸಿದ್ರಲ್ಲ, ಅವತ್ತಿನಿಂದ ಒಂದೀಟು ಹೆಚ್ಚಿಗಿ ಅಂಜ್ತೀನಿ. ನಂಬೂದು ಬೇಕಾಗೇ ಇಲ್ಲಕ್ಕಾ, ಅದರ ಕರಾಮತ್ತು ಅದೇ. ಸುಳ್ಳು, ಸುಳ್ಳು, ಸುಳ್ಳು ಅಂತ ಅನ್ಕೊಂತಿದ್ರೂ ಒಂದು ಮೂಲ್ಯಾಗ, ಖರೆ ಇದ್ರ? ಅಂತ ಇರತೈತಿ. ಅಷ್ಟು ಸಾಕು ಅದಕ್ಕ. ಅಷ್ಟರ ಮ್ಯಾಲ ದೇಶಕ್ಕ ದೇಶ ನಿಂತಾವು.

ಚನ್ನಂದು ಹಂಗಲ್ಲ. ಅವ ಪೂರ್ತಿ ನಂಬ್ತಿದ್ದ. ಅಕ್ಕನ ಬಾಯಾಗ ಬಂದದ್ದು ಆಗೇ ಆಗತೈತಿ ಅಂತ ಅವಗ... ಏನು? ‘ನಂಬ್ತಿದ್ದ’ ಅಂದ್ನಾ? ನಂಬ್ತಾನ. ನಂಬ್ತಾನ ಅಂದೆ. ಬಾಯಿ ತಪ್ಪಿತು. ಇತಿಹಾಸದ ಪಾಠನೂ ನನ್ನ ತಲಿಗೇ ಕಟ್ಟಿದ್ರಲ್ಲ ಈ ವರ್ಷ, ಎಲ್ಲಾ ಮಾತು ಹೋದ ಕಾಲದಾಗೇ ಬರಾಕ ಹತ್ಯಾವು.

ಫೋನಿಡು, ಫೋನಿಡು. ಈಗ ಮಾಡಬ್ಯಾಡ ಅವಗ. ಮಲಗ್ಯಾನ. ಎಬಸಬಾರದು ಅಂತ ಹೇಳ್ಯಾರ. ದಾಕ್ಷಾಯಣಿಗೂ ಬ್ಯಾಡ. ಆಕಿ ಗಂಡನ ಸೇವಾದಾಗ ಹೈರಾಣಾಗ್ಯಾಳ, ಪಾಪ, ಈಗ ಕಣ್ಣು ಮುಚ್ಚಿರ್ತಾಳ. ಸಂಜಿಕ ಮಾಡೀಯಂತ. ಸಂಜಿಕ ನಾನೇ ಹಚ್ಚಿ ಕೊಡ್ತೀನಿ. ಇಡಕ್ಕಾ ಅದನ್ನ, ನಿನ್ನ ಕಾಲು ಬೀಳ್ತೀನಿ.

ಚಾ ಬ್ಯಾಡ. ನೀರೂ ಬ್ಯಾಡ, ಈಗ ಕುಡದೀನಿ. ಕುಂದ್ರು ನೀ.

ನಾ ಹೇಳೂದು ಕೇಳು. ಅವ ನಂಬ್ತಾನಂತ ನನಗ ಗೊತ್ತು, ನಾ ನಂಬಂಗಿಲ್ಲಂತ ಅವಗ ಗೊತ್ತು. ಹಂಗಾಗಿ ಅವಗ ನಂದೇ ಅಂಜಿಕಿ. ಅಣ್ಣ ಓದಿದಾವ, ದೇವರು ದಿಂಡ್ರು ಇಲ್ಲದಾವ, ಎಂದರ ಒಂದಿನ ಸುಮ್ಮನ ನಡಕೊಂತ ಒಳಗ ಬಂದ್ರ ಅಕ್ಕನ ಗತಿ ಏನು? ನಮ್ಮ ಮನಿಗೆ ಯಾರರ ಸಿರುಗುಪ್ಪದಾವರು ಬಂದ್ರ ಅವರ ಕೈಯಾಗ ಹೇಳಿ ಕಳಸ್ತಾನ, ಅಣ್ಣಗ ಹುಷಾರಿಂದ ಇರಾಕ ಹೇಳ್ರಿ ಅಂತ. ಹುಷಾರಿಂದ ಅಂದ್ರ ಏನು? ದಾಟಬ್ಯಾಡ ಅಂತ. ನಾನೂ ಹೇಳಿ ಕಳಸ್ತೀನಿ, ಅವನೂ ಹುಷಾರಿಂದ ಇರ್ಲಿ ಅಂತ. ಎಷ್ಟು ಚಂದ ನೋಡು, ಅಣ್ಣತಮ್ಮರ ಮಾತುಕತಿ. ಉಳಿದದ್ದೆಲ್ಲಾ ನಿನ್ನ ಕೈಲೆ. ನಾ ಐತವಾರ ಬರೂದು, ಅವ ಸೋಮವಾರ ಬರೂದು. ಒಂದಿನ ತಪ್ಪಿ ಇಬ್ಬರೂ ನಿನ್ನ ಬಾಗಲದಾಗ ಕೂಡಿಬಿಟ್ಟಾಗ ಏನು ಮಾಡಬೇಕು ಅನ್ನೂದು ತಿಳೀದ, ಅವ ದನದ ಮನಿ ಹಿಂದ ಅಡಗಿ ಕುಂತಿದ್ದ ನೆನಪೈತಾ? ಇಲ್ಲಿ ಏನೂ ಆಣಿ ಇರಲಿಲ್ಲ. ಆದ್ರೂ ಅಡಗಿದ. ಇಷ್ಟು ಅಂಜಿದ ಮನುಷ್ಯಾಗ ಮಾತು ಬರಂಗಿಲ್ಲಕ್ಕಾ. ದನದ ಮನಿ ಕಡಿ ನೋಡಿ ಸುಮ್ಮನ ಕೆಮ್ಮಿದೆ, ಅವನೂ ಕೆಮ್ಮಿದ.

ಅಂಜನಾನ ಮದುವ್ಯಾಗ ಏನು ಮಾಡಿದ್ವಿ, ಹೇಳು. ಇದ್ದೊಬ್ಬ ಮಗಳು ಅವಗ. ನಾ ನಿನಗ ಫೋನ್ ಮಾಡಿ ಕೇಳಿದೆ. ಯಕ್ಕಾ, ಕಲ್ಯಾಣ ಮಂಟಪ ಬಾಡಿಗಿದು, ಅದರ ಹೊಸ್ತಿಲ ಚನ್ನಂದು ಅಂತ ಆಗತೈತೋ ಇಲ್ಲೋ? ನೀ ಒಂದು ತಾಸು ವಿಚಾರ ಮಾಡಿ, ಬಾಡಿಗಿ ಕಟ್ಟಿದ ದಿನದ ಮಟ್ಟಿಗೆ ಅವಂದೇ, ಎದಕ್ಕೂ ಹೊರಗ ಇರು ಅಂದಿ. ನೀ ನಗಬ್ಯಾಡ, ನಾ ನಕ್ಕೀನೇನು ಅವತ್ತು? ಹೊಸಾ ಧೋತರ ಉಟ್ಟುಕೊಂಡು ಸಿರುಗುಪ್ಪದ ಬಿಸಲಾಗ ಮಂಟಪದ ಮುಂದ ನಿಂತು, ಮಂತ್ರ ಮೈಕಿನ್ಯಾಗ ಕೇಳಿ, ಅಕ್ಕಿಕಾಳು ರಸ್ತಾದಾಗ ನಿಂತು ತೂರಿದೆ. ಎಲ್ಲಾ ಒಂದು ಎತ್ತಿನ ಮ್ಯಾಲ ಬಿದ್ದವು. ಚನ್ನ ಬಾಗಲ ತನಕ ಬಂದ. ಆ ಕಡಿ ಅವ, ಈ ಕಡಿ ನಾ. ನಡುಕ ಒಂದು ಕಲ್ಲಿನ ಪಟ್ಟಿ. ಪತ್ರಾವಳ್ಯಾಗ ಎರಡು ಹೋಳಿಗಿ ಹಿಡಕೊಂಡು ಬಂದಿದ್ದ. ಅವ ಹೊರಗ ಬರಾಕ ಆಣಿ ಅಡ್ಡ ಇರಲಿಲ್ಲ, ಆದ್ರ ಆ ಅಂಜಿಕ್ಯಾಗ ಅದು ಇಬ್ಬರಿಗೂ ಹೊಳೀಲಿಲ್ಲ. ಕೊಡಬೇಕಂದ್ರ ಅವನ ಕೈ ಗೆರಿ ದಾಟಬೇಕು, ಇಸ್ಕೋಬೇಕಂದ್ರ ನನ್ನ ಕೈ ದಾಟಬೇಕು. ಕೈ ದಾಟಿದ್ರ ದಾಟಿದಂಗೋ ಅಲ್ಲೋ ಅಂತ ನಾವು ನಿನ್ನ ಕೇಳಿರಲಿಲ್ಲ. ಹಂಗೇ ಒಬ್ಬರ ಮಾರಿ ಒಬ್ಬರು ನೋಡ್ಕೊಂತ ನಿಂತ್ವಿ. ಆಮ್ಯಾಲ ಅವ ಪತ್ರಾವಳಿ ಕಲ್ಲಿನ ಮ್ಯಾಲ ಇಟ್ಟು ಹಿಂದಕ್ಕ ಸರದ. ನಾ ಬಗ್ಗಿ ತಗೊಂಡೆ. ತಿಂದೆ. ಅವ ನೋಡ್ಕೊಂತ ನಿಂತಿದ್ದ, ನಾ ತಿನ್ನೂದು ಮುಗಿಯೂ ತನಕ.

ಅದಕ್ಕ ಶಾಂತಿ ಅಂತಾರಕ್ಕಾ ಪುಸ್ತಕದಾಗ.

ಫೋನ್ ನಂದೇ. ಬಡಕೊಳ್ಳಲಿ ಬಿಡು. ಕಾಲೇಜಿನಾವ್ರು... ಹೌದು, ರಜಾ ಐತಿ. ರಜಾದಾಗೂ ಕೆಲಸ ಹೇಳ್ತಾರ, ಅವರಿಗೇನು. ಮತ್ತ ಮತ್ತ ಮಾಡ್ಲಿ, ನಾ ಎತ್ತಂಗಿಲ್ಲ. ಹೆಸರು ಓದಬ್ಯಾಡ ನೀ, ಚಸ್ಮಾ ಇಲ್ಲದ ಓದಿದ್ರ ತಲಿ ನೋಯ್ತೈತಿ. ಕಿಸೇದಾಗ ಇಟ್ಟೆ, ನೋಡು.

ದೇಶ ದೇಶಾನೇ ನಿಲ್ಲಿಸ್ಯಾವು. ಅಷ್ಟೆಲ್ಲಾ ಹೊಡದಾಡಿ, ಎರಡೂ ಕಡಿ ದೊಡ್ಡ ಸಾಹೇಬ್ರು ಫೋನಿನ್ಯಾಗ ಮಾತಾಡಿ ಸಾಕು ಅಂದ್ರಂತ, ನಿನ್ನ ಟೀವಿನೇ ಹೇಳಿತಲ್ಲ. ಅವರ ಹತ್ರ ಊರಿಗೂರು ಸುಡೂ ಬಾಂಬಿದ್ವು, ಆದ್ರೂ ಮಾತಾಡಿದ್ರು. ನಿನ್ನ ಹತ್ರ ಏನೈತಿ? ಒಂದು ಮಾತೈತಿ. ಅದನ್ನ ವಾಪಸ್ ತಗೊಳ್ಳಾಕ ಇಷ್ಟು ಕಾಡಸ್ತೀಯಲ್ಲ. ಮುಂಜಾನಿಂದ ಉಪಾಸ ಅದೀನಿ, ಗೊತ್ತೇನು? ಬಸ್ಸಿನ್ಯಾಗ ತೆಕ್ಕಲಕೋಟಿ ತನಕ ನಿಂತೇ ಬಂದೀನಿ, ಒಂದು ಸೀಟು ಸಿಗಲಿಲ್ಲ, ಅಂಥಾದ್ರಾಗ ಈ ಮಂಡಿ...

ಏನು?

ಬಳ್ಳಾರಿಯಿಂದ ಕುರುಗೋಡಿಗೆ ಬರೂ ದಾರ್ಯಾಗ ತೆಕ್ಕಲಕೋಟಿ ಎಲ್ಲಿ ಬಂತು ಅಂತಿ...

ಬರಂಗಿಲ್ಲ. ಹೌದು. ಬಾದನಹಟ್ಟಿ ಬರತೈತಿ. ತೆಕ್ಕಲಕೋಟಿ ಬರೂದು ಸಿರುಗುಪ್ಪದಿಂದ ಬಂದ್ರ. ನಿನ್ನ ಮುಂದ ಸುಳ್ಳು ಹೇಳಿ ನಾ ಎಂದು ದಕ್ಕಿಸಿಕೊಂಡೀನಿ? ಹೌದಕ್ಕಾ. ಸಿರುಗುಪ್ಪಕ್ಕ ಹೋಗಿದ್ದೆ. ಅಲ್ಲಿಂದಾನೇ ಬಂದೀನಿ.

ದಾಟಲಿಲ್ಲ. ದಾಟಲಿಲ್ಲ, ಕೇಳಿಲ್ಲಿ. ಎದಿ ಮುಟ್ಟಿ ನೋಡ್ಕೋಬ್ಯಾಡ, ನಿನಗೇನೂ ಆಗಿಲ್ಲ. ನನ್ನ ಕೊರಳಾಗಿನ ಲಿಂಗ ಹಿಡದು ಹೇಳ್ತೀನಿ, ಹೊರಗೇ ನಿಂತಿದ್ದೆ. ನಿನ್ನೆ ದಾಕ್ಷಾಯಣಿ ಫೋನ್ ಮಾಡಿದ್ಲು. ಎಂದೂ ನನಗ ಮಾಡಿದಾಕಿ ಅಲ್ಲ. ‘ಭಾವಾರ, ಇವರು ನಿಮ್ಮನ್ನ ಭಾಳ ನೆನಸಾಕ ಹತ್ಯಾರ್ರಿ, ಹೊರಗ ನಿಂತರ ಒಂದು ಸಲ ಮಾರಿ ತೋರಸ್ರಿ’ ಅಂದ್ಲು. ಹೊರಗ ನಿಂತರ ಅಂತ ಆಕೀನೇ ಅಂದ್ಲು ನೋಡು. ಮುಂಜಾನೆ ಮೊದಲನೇ ಬಸ್ಸಿಗೆ ಹೋದೆ. ಅವ ಮಲಗಿದ ಕಾಟು ಜಗ್ಗಿ ಬಾಗಲಕ್ಕ ಎದುರಾಗಿ ಹಾಕಿದ್ದಳು, ಮೆಟ್ಟಲ ಮ್ಯಾಲ ನಿಂತ್ರ ಅವನ ಮಾರಿ ಕಾಣೂಹಂಗ. ಹೊಸ್ತಿಲಕ್ಕ ಅರಿಷಿಣ ಹಚ್ಚಿತ್ತು, ಅಂಥಾದ್ರಾಗೂ. ನಾ ಅದನ್ನೇ ನೋಡ್ಕೊಂತ ನಿಂತೆ. ಇಷ್ಟೇ ಎತ್ತರ ಐತಕ್ಕಾ ಅದು. ನನ್ನ ಹಿಮ್ಮಡಿಗೆ ಬರತೈತಿ.

ಭಾಳ ಇಳದಿದ್ದ. ದಿಂಬಿನ ಮ್ಯಾಲ ತಲಿ ಇತ್ತು, ಅದು ಚನ್ನಂದು ಅಂತ ಹೇಳಿದ್ರ ಗೊತ್ತಾಗಬೇಕು ಹಂಗ. ಆದ್ರ ಅವ ನನ್ನ ಗುರ್ತು ಹಿಡದ. ಕಣ್ಣು ದೊಡ್ಡವಾದ್ವು. ನಿನ್ನೆ ರಾತ್ರಿಯಿಂದ ಮಾತು ನಿಂತಿತ್ತಂತ. ಬಾಯಿ ಅಳ್ಳಾಡಸಿದ, ದನಿ ಬರಲಿಲ್ಲ. ಆಮ್ಯಾಲ ಕೈ ಎತ್ತಿದ. ಹಿಂಗ. ನೋಡಿಲ್ಲಿ, ನನ್ನ ಕೈ ನೋಡು. ಹಿಂಗ ಎತ್ತಿದ, ಅಂಗೈ ನನ್ನ ಕಡಿ ಮಾಡಿ.

ಇದು ಏನಕ್ಕಾ?

ನೀ ಸಾಕಿದಾಕಿ. ಅವಗ ಮಾತು ಬರೂ ಮೊದ್ಲಿಂದ ಅವನ ಕೈ ನೋಡಿದಾಕಿ. ಹಿಂಗ ಎತ್ತಿದ್ರ ಬಾ ಅಂತನೋ, ನಿಂದ್ರು ಅಂತನೋ? ಬರಬ್ಯಾಡಣ್ಣ, ಅಕ್ಕ ಸಾಯ್ತಾಳ ಅಂದನೋ? ಇಲ್ಲಾ ಬಾ, ಇನ್ನೇನು ಉಳದೈತಿ, ಬಂದು ಕೈ ಹಿಡಿ ಅಂದನೋ? ನಾ ನಿಂದ್ರು ಅಂದ ಅಂತ ತಿಳಕೊಂಡೆ. ಹನ್ನೊಂದು ವರ್ಷ ಅದನ್ನೇ ಹೇಳಿ ಕಳಿಸಿದಾವ ಅವ, ಇನ್ನೇನು ತಿಳ್ಕೊಳ್ಳಿ? ಹಂಗ ತಿಳಕೊಂಡು, ಆಗ್ಲಪಾ, ಬರಂಗಿಲ್ಲ, ಅಂಜಬ್ಯಾಡ ಅಂತ ತೋರಸಾಕ ಒಂದು ಹೆಜ್ಜಿ ಹಿಂದಕ್ಕ ಸರದೆ. ನಾ ಸರದದ್ದು ನೋಡಿದ ಅವ. ನೋಡಿ, ಆ ಕೈ ಒಂದೀಟು ಹೊತ್ತು ಹಂಗೇ ಇತ್ತು. ಆಮ್ಯಾಲ ಕೆಳಗ ಬಿತ್ತು.

ನಿದ್ದಿ ಹತ್ತಿತು ಅವಗ.

ನಿದ್ದಿ. ದಣದಿದ್ದ, ಕೈ ಎತ್ತಿ ದಣದಿದ್ದ... ಅದಕ್ಕ ನಾ ಇಲ್ಲಿಗೆ ಬಂದೆ. ಅಕ್ಕನ ಕಡಿಂದ ಬಿಡ್ತು ಅನಸ್ಕೊಂಡು ಓಡಿ ಹೋಗಿ ಒಳಗ ಹೋಗೂಣು ಅಂತ. ಬಸ್ಸು ಇನ್ನ ಅರ್ಧ ತಾಸಿಗೆ ಐತಿ.

ಟೀವಿ ಯಾಕ ಬಂದ್ ಮಾಡಿದಿ? ಇರ್ಲಿ ಅಂದಿದ್ದೆ, ಒಂದೀಟು ಸಪ್ಪಳ ಇರ್ಲಿ ಮನ್ಯಾಗ. ಅಕ್ಕಾ. ಆಮ್ಯಾಲ ಏನಾತು ಅಂತ ಕೇಳವಲ್ಲಿ ನೀ. ಪ್ರತಿ ಐತವಾರ ನಾ ಬಂದು ಕುಂದ್ರೂದೇ ತಡ, ಚನ್ನ ಉಂಡನಂತಾ, ಗುಳಿಗಿ ನುಂಗ್ಯಾನಂತಾ, ಕಾಲಿನ ಬಾವು ಇಳದೈತಂತಾ ಅಂತ ನನ್ನ ಕೇಳಾಕಿ ನೀ, ನನಗೇ ಗೊತ್ತಿರದಿದ್ರೂ ಕೇಳಾಕಿ. ಇವತ್ತು ಬಂದಾಗಿಂದ ಒಂದೂ ಕೇಳಿಲ್ಲ. ಒಂದೂ... ಫೋನು ಕೈಯಾಗ ತಗೊಂಡಿ, ನಾ ಬ್ಯಾಡ ಅಂದಕೂಡ್ಲೆ ಇಟ್ಟಿ. ನೀ ಅಷ್ಟು ಸುಲಭಕ್ಕ ಇಡಾಕಿ ಅಲ್ಲ.

ಯಾವಾಗ ಗೊತ್ತಾತು ನಿನಗ? ನಾ ನೀರು ಬ್ಯಾಡ ಅಂದಾಗೇನು? ಕಟ್ಟಿ ಹತ್ತಾಗೇ ಗೊತ್ತಾತೇನು?

ಹೌದು. ಕೈ ಕೆಳಗ ಬಿದ್ದದ್ದು... ಅದೇ. ನಿದ್ದಿ ಅಲ್ಲ. ನಾ ಮೆಟ್ಟಲ ಮ್ಯಾಲಿದ್ದೆ, ಅವ ಒಳಗಿದ್ದ. ದಾಕ್ಷಾಯಣಿ ಚೀರಿದ್ಲು, ಓಣಿ ಮಂದಿ ನನ್ನ ದಾಟ್ಕೊಂಡು ಒಳಗ ಓಡಿದ್ರು, ಯಾರ್ಯಾರೋ ಓಡಿದ್ರು, ಹಾಲಿನಾವ ಓಡಿದ. ನಾ ನಿಂತೇ ಇದ್ದೆ. ಆಗರ ದಾಟಬಹುದಿತ್ತಲ್ಲ? ನಂಬದಾವ ನಾ, ಓದಿದಾವ, ದಾಟಬಹುದಿತ್ತಲ್ಲ? ಒಬ್ಬ ಹೋದ, ಇನ್ನ ಅಕ್ಕನೂ ಹೋದ್ರ ಅಂತ ಬಂತು ನೋಡು ತಲಿಯಾಗ, ಕಾಲು ಏಳಲೇ ಇಲ್ಲ. ಏನು ಚಂದ ಕೆಲಸ ಮಾಡ್ತಕ್ಕಾ ನಿನ್ನ ಬಾಂಬು. ಸಿಡೀಲಿಲ್ಲ. ಒಮ್ಮೆನೂ ಸಿಡೀಲಿಲ್ಲ.

ಈಗ ಅವನ್ನ ಗ್ವಾಡಿಗೆ ಕುಂದ್ರಿಸ್ಯಾರ. ಹಿರ್ಯಾವ ಬಂದು ಹಣಿಗೆ ಇಬೂತಿ ಹಚ್ಚಬೇಕು ಅಂತ ಕಾಯಾಕ ಹತ್ಯಾರ. ಫೋನ್ ಮಾಡಾಕಿ ಅಂಜನಾ. ದೊಡ್ಡಪ್ಪ ಎಲ್ಲದೀ, ದೊಡ್ಡಪ್ಪ ಎಲ್ಲದೀ ಅಂತ. ನಿನಗ ಹೆಂಗ ಹೇಳೂದು? ಎದಿಗೆ ಧಸಕಾ ಆಗಬಾರದು ಅಂತ ಡಾಕ್ಟರು ಹೇಳ್ಯಾರ. ಹೇಳಿದ್ರ ನೀ ಉಳೀತಿಯೋ ಇಲ್ಲೋ, ಹೇಳದ ಒಳಗ ಹೋದ್ರ ಉಳೀತಿಯೋ ಇಲ್ಲೋ. ಅದಕ್ಕ ಮಾತಿನ್ಯಾಗ ಮಾತು ಹಾಕಿ, ನಗಸಿ, ಹೆಂಗರ ಮಾಡಿ ಅನಸ್ಕೊಂಡು ಹೋಗೂಣು ಅಂತ ಬಂದೆ. ಅನ್ನಕ್ಕಾ. ಈಗರ ಅನ್ನು. ಒಂದು ಸಲ.

ಬಾಯಿ ತೆರದಿ... ತೆರದು ಮುಚ್ಚಿದಿ. ಯಾಕ?

ಹಾಂ.

ತಿಳೀತು. ತಿಳೀತಕ್ಕಾ. ಅಳಬ್ಯಾಡ. ಈಗ ಅಂದುಬಿಟ್ರ... ಇಷ್ಟು ಸುಲಭ ಇತ್ತು ಅಂತಾಗತೈತಿ. ನಿನ್ನೆ ಅನ್ನಬಹುದಿತ್ತು, ಅಂಜನಾನ ಮದುವಿ ದಿನ ಅನ್ನಬಹುದಿತ್ತು. ನೀ ಒಬ್ಬಾಕಿ ಅಲ್ಲ. ನಾ ಕೇಳಿದ್ನೇನು ಎಂದರ? ಅವ ಮೊದಲು ಕೇಳ್ಲಿ ಅಂತ ನಾನಿದ್ದೆ, ಅಣ್ಣ ಕೇಳ್ಯಾನು ಅಂತ ಅವ ಇದ್ದ, ಇಬ್ಬರೂ ಕೂಡಿ ಕೇಳ್ಲಿ ಅಂತ ನೀ ಇದ್ದಿ. ಮೂರೂ ಮಂದಿ ಬಾಯಿ ಬಿಗಿಹಿಡಕೊಂಡು ಕುಂತಿದ್ವಿ.

ಅನ್ನಬ್ಯಾಡ. ಬ್ಯಾಡ ಬಿಡು. ಒತ್ತಾಯಿಲ್ಲ.

ಏಳು, ಚಪ್ಪಲಿ ಮೆಟ್ಟಿಕೋ. ಬಸ್ಸು ಬರೂ ಹೊತ್ತಾತು. ನೀ ಒಳಗ ಹೋಗು, ನಿನಗೇನೂ ಆಣಿ ಇಲ್ಲ. ಅವನ ಹತ್ರ ಕುಂದ್ರು. ನಾ ಮೆಟ್ಟಲ ಮ್ಯಾಲ ನಿಂದರ್ತೀನಿ, ನನಗೇನು, ರೂಢಿ ಐತಿ. ಹೆಂಗಿದ್ರೂ ಹೊತ್ತು ಮುಳುಗೂದ್ರಾಗ ಅವನ್ನ ಹೊರಗ ತರ್ತಾರ.